ಗೋಡೆಯೊಳಗಿನ ಗಾಳಿ

ಒಂದು ಜೋಡಿ ಶೂ ಹುಟ್ಟಿದಾಗಿನಿಂದ ಕಸದ ಗುಂಡಿ ಸೇರುವವರೆಗೆ ಭೂಮಿಗೂ ಮನುಷ್ಯರ ಆರೋಗ್ಯಕ್ಕೂ ಎಷ್ಟು ಕೆಡುಕು ಮಾಡುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ತೊಗಲು, ರಬ್ಬರು, ಲಾರಿಯ ಡೀಸೆಲ್, ರಟ್ಟಿನ ಡಬ್ಬಿ, ಯಾವುದನ್ನೂ ಬಿಡುವವಳಲ್ಲ. ಈ ಸಲದ ಶೂ ಅವಳ ಅಕ್ಕ ದುಡಿಯುವ ಕಾರ್ಖಾನೆಯದು. ಅಕ್ಕ ಹನ್ನೊಂದು ವರ್ಷದಿಂದ ಅಲ್ಲಿ ಬ್ರಷ್ ಹಿಡಿದು ಅಟ್ಟೆಗೆ ಅಂಟು ಬಳಿಯುತ್ತಿದ್ದಳು. ಅಂಟಿನ ಆವಿ ನರಗಳಿಗೆ ವಿಷ; ಈಗೀಗ ಅವಳ ಬೆರಳುಗಳು ಜೋಮು ಹಿಡಿದು, ಅಂಗಿಯ ಗುಂಡಿ ಹಾಕಲೂ ಮಗಳನ್ನು ಕರೆಯಬೇಕಾಗಿತ್ತು.

ಶೂವಿನ ತೂಕದಲ್ಲಿ ಅಂಟು ಶೇಕಡಾ ಒಂದೂ ಇಲ್ಲ. ಅಷ್ಟು ಕಡಿಮೆ ಇದ್ದದ್ದನ್ನು ಲೆಕ್ಕದಿಂದ ಬಿಡಬಹುದು ಎಂಬ ನಿಯಮವಿದೆ. ವಿಷವಾದರೆ ಚಿಟಿಕೆಯಷ್ಟಿದ್ದರೂ ಬಿಡಬಾರದು ಎಂದು ಅದರ ಮುಂದಿನ ಸಾಲಿನಲ್ಲೇ ಇದೆ. ಆಫೀಸಿನವರೆಲ್ಲ ಬೆನ್ನಹಿಂದೆ ‘ಪರ್ಸೆಂಟಪ್ಪ’ ಎನ್ನುತ್ತಿದ್ದ ಮುಖ್ಯಸ್ಥನ ಕಣ್ಣಿಗೆ ಮೊದಲ ಸಾಲು ಮಾತ್ರ ಕಾಣುತ್ತಿತ್ತು. ಅವಳು ಜಗಳವಾಡಿ ಅಂಟನ್ನು ಸೇರಿಸಿದಳು. ಅವನು ಲೆಕ್ಕದ ವಿಧಾನವನ್ನೇ ಬದಲಿಸಿದ. ಅವನ ವಿಧಾನದಲ್ಲಿ ಅಂಟಿನ ಆವಿ ಇಡೀ ಊರಿನ ಗಾಳಿಗೆ ಬೆರೆತು, ಉತ್ತರ ಹೆಚ್ಚುಕಡಿಮೆ ಸೊನ್ನೆ. ಕೋಣೆಯೊಳಗಿನ ಗಾಳಿಯನ್ನೂ ಎಣಿಸುವ ವಿಧಾನ ಇನ್ನೊಂದಿತ್ತು. ಅವಳು ಅದನ್ನು ಹಚ್ಚಿ ನೋಡಿದಳು. ಯಾವುದರಿಂದ ಎಷ್ಟು ಕೆಡುಕು ಎಂದು ತೋರಿಸುವ ನಕ್ಷೆಯಲ್ಲಿ ಅಂಟಿನ ಕಂಬ ಉಳಿದೆಲ್ಲವನ್ನೂ ಮೀರಿ ಎದ್ದು ನಿಂತಿತು.

“ಹೊರಗೆ ಹೋದ್ರೆ ತಾನೇ ಅದು ಪರಿಸರ? ಗೋಡೆ ಒಳಗಿಂದು ಅವರ ಮನೆ ವಿಷ್ಯ” ಎಂದ ಪರ್ಸೆಂಟಪ್ಪ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಉಸಿರಾಡುವವರು ಮನುಷ್ಯರಲ್ಲವೇ ಎಂದು ಮುಖಕ್ಕೆ ಹೊಡೆದಂತೆ ಕೇಳಿದಳು. ಅವನು ತಕ್ಷಣ ರಾಗ ಬದಲಿಸಿದ. ಕೋಣೆಯ ಲೆಕ್ಕವನ್ನು ವರದಿಗೆ ಅನುಬಂಧವಾಗಿ ಸೇರಿಸೋಣ, ಅದನ್ನು ನೋಡಿದ ಮೇಲೆ ಕಾರ್ಖಾನೆಯವರು ಆವಿ ಎಳೆಯುವ ಫ್ಯಾನು ಹಾಕಿಸಲೇಬೇಕಾಗುತ್ತದೆ ಎಂದು ಬೆಣ್ಣೆ ಹಚ್ಚಿದ. ಅವಳು ನಂಬಿ ವರದಿಗೆ ಸಹಿ ಹಾಕಿದಳು. ಅಷ್ಟು ಓದಿದವಳು ಹಳ್ಳಕ್ಕೆ ಬಿದ್ದದ್ದು ಹೀಗೆ.

ತಿಂಗಳಾದ ಮೇಲೆ ಅಕ್ಕನ ಮನೆಗೆ ಹೋದಳು. ಅಕ್ಕ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಚಹಾ ಕುಡಿಯುತ್ತಿದ್ದಳು.

“ನಮ್ಮ ಶೂ ಪರಿಸರಸ್ನೇಹಿ ಅಂತ ಪ್ರಮಾಣಪತ್ರ ಬಂದಿದೆ ಕಣೇ, ಕೆಳಗೆ ಲೆಕ್ಕ ಹಾಕಿದವಳು ಅಂತ ನಿನ್ನ ಸಹಿ. ನಾವು ಕೂರೋ ಕೋಣೇಲೇ ತೂಗುಹಾಕಿದ್ದಾರೆ. ಅಂಟಿನ ಆವಿಗೆ ಕಾಗದ ಹಾಳಾಗುತ್ತೆ ಅಂತ ಗಾಜು ಬೇರೆ ಹಾಕ್ಸಿದ್ದಾರೆ.”

“ಫ್ಯಾನು ಹಾಕಿದ್ರಾ?”

“ಯಾವ ಫ್ಯಾನು?”

ಅಕ್ಕನ ಮಾತಿನಲ್ಲಿ ಕೊಂಕಿರಲಿಲ್ಲ. ತಂಗಿಯ ಸಹಿಯನ್ನು ಎಲ್ಲರಿಗೂ ತೋರಿಸಿ ಬಂದ ಹೆಮ್ಮೆಯಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಆ ಹೆಮ್ಮೆಯನ್ನು ತಡೆಯಲಾಗಲಿಲ್ಲ. ಪರ್ಸೆಂಟಪ್ಪನ ಮೇಲೆ, ಅವನಿಗಿಂತ ಹೆಚ್ಚಾಗಿ ತನ್ನ ಮೇಲೆ, ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಮರುದಿನ ಆಫೀಸಿನಲ್ಲಿ ವರದಿ ತೆರೆದಳು. ಅನುಬಂಧದ ಸುಳಿವೇ ಇರಲಿಲ್ಲ. ಕೇಳಲು ಹೋದರೆ, ಫೋನಿನಲ್ಲಿದ್ದ ಪರ್ಸೆಂಟಪ್ಪ ಕಾಯುವಂತೆ ಕೈಸನ್ನೆ ಮಾಡಿದ. ಅವಳು ಕಾಯಲಿಲ್ಲ. ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಆಕ್ಷೇಪಣೆ ಅರ್ಜಿ ತುಂಬಲು ಕೂತಳು. ಲೆಕ್ಕದಲ್ಲಿ ಬಿಟ್ಟುಹೋದದ್ದು ಏನು, ಎಷ್ಟು ಎಂದು ಅದರಲ್ಲಿ ಕೇಳಿತ್ತು. ‘ಅಂಟು ಬಳಿಯುವ ಹೆಂಗಸರು, ನಲವತ್ತಮೂರು’ ಎಂದು ಬರೆದಳು. ಬಿಟ್ಟವರು ಯಾರು ಎಂದೂ ಕೇಳಿತ್ತು. ಮೊದಲು ತನ್ನ ಹೆಸರು ಬರೆದು, ಅದರ ಕೆಳಗೆ ಅವನದನ್ನು ಬರೆದಳು.