ಎದೆಯ ಮೇಲಿನ ಬಂಗಾರ

ನಾನು ಒಂದು ಎಕ್ಸ್‌ರೇ ಯಂತ್ರ. ಗಾಲಿ ಇರುವ ಜಾತಿ. ರೋಗಿ ನನ್ನ ಹತ್ತಿರ ಬರುವುದಿಲ್ಲ, ನಾನೇ ರೋಗಿಯ ಮಂಚದ ಹತ್ತಿರ ಹೋಗಬೇಕು. ಮೊದಲೇ ಹೇಳಿಬಿಡುತ್ತೇನೆ, ನನ್ನದು ಸಿಡುಕು ಸ್ವಭಾವ. ಬೈಗುಳ ಕೇಳಲಾಗದವರು ಈಗಲೇ ಎದ್ದು ಹೋಗಬಹುದು.

ಕಾರ್ಖಾನೆಯಲ್ಲಿ ಗಾಳಿಯನ್ನೆಲ್ಲ ಹೀರಿ ತೆಗೆದ ಒಂದು ಗಾಜಿನ ಬುರುಡೆಯನ್ನು ಸೀಸದ ಹೊದಿಕೆಯೊಳಗೆ ಕೂರಿಸಿದರು. ಅದೇ ನನ್ನ ಜೀವ. ಆಮೇಲೆ ಉದ್ದನೆಯ ತೋಳು ಬಂತು, ಗಾಲಿ ಬಂತು, ಸುರುಳಿ ವೈರಿನ ತುದಿಗೆ ಒಂದು ಗುಂಡಿ ಬಂತು. ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಬೆಳಕು ಬಿಡುತ್ತೇನೆ. ಅದು ಮಾಂಸದಲ್ಲಿ ತೂರಿ ಹೋಗುತ್ತದೆ, ಮೂಳೆಯಲ್ಲಿ ತಡವರಿಸುತ್ತದೆ, ಲೋಹದ ಮುಂದೆ ಸೋತು ನಿಲ್ಲುತ್ತದೆ. ಗಾಳಿ ಇರುವ ಕಡೆ ಫಿಲ್ಮ್ ಕಪ್ಪಗೆ, ನೀರು ಕೀವು ತುಂಬಿದ ಕಡೆ ಬೆಳ್ಳಗೆ. ನಾನು ಕಲಿತ ವಿದ್ಯೆ ಇಷ್ಟೇ, ಇದರಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

ಮೊದಲು ಒಬ್ಬ ಮೂಳೆ ಡಾಕ್ಟರ ಕೈಗೆ ಸಿಕ್ಕೆ. ಬೈಕಿನಿಂದ ಬಿದ್ದವರು, ಮಾವಿನ ಮರದಿಂದ ಬಿದ್ದವರು, ಬದುವಿನ ಜಗಳದಲ್ಲಿ ಅಣ್ಣನಿಂದಲೇ ಏಟು ತಿಂದವರು, ಎಲ್ಲರೂ ಬರುತ್ತಿದ್ದರು. ನೆಮ್ಮದಿಯ ಕಾಲ ಅದು. ಮುರಿದ ಕೈ ಮುರಿದಿದೆ ಅಂದರೆ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಡಾಕ್ಟರಿಗೆ ವಯಸ್ಸಾಗಿ ಬಾಗಿಲು ಹಾಕಿದರು. ನನ್ನನ್ನು ಟೆಂಪೋಗೆ ಹೇರಿ, ಹಗ್ಗ ಬಿಗಿದು, ದಾವಣಗೆರೆ ಸೀಮೆಯ ಒಂದು ದೊಡ್ಡ ಆಸ್ಪತ್ರೆಗೆ ತಂದು ಇಳಿಸಿದರು. ಅದರ ಹೆಸರು ನಿಮಗೆ ಬೇಡ.

ಅಲ್ಲಿ ನನ್ನನ್ನು ನಡೆಸುತ್ತಿದ್ದವನು ಮುನೀರ್. ಕೆಲಸ ಬಲ್ಲವನೇ, ಆದರೆ ಯಾರಾದರೂ ದನಿ ಎತ್ತಿದರೆ ಸಾಕು, ಬಾಲ ಮುದುರಿಕೊಳ್ಳುವ ಆಸಾಮಿ. ಆ ವರ್ಷ ವೈರಸ್ ಜ್ವರ ಊರಿಗೆ ಊರನ್ನೇ ಮಲಗಿಸಿತಲ್ಲ, ಆಗ ನನ್ನನ್ನು ಐಸಿಯು ಒಳಗೇ ಒಂದು ಮೂಲೆಯಲ್ಲಿ ನಿಲ್ಲಿಸಿಬಿಟ್ಟರು. ಹೊರಗೆ ಕಳಿಸಿದರೆ ನಾನೂ ರೋಗ ಹರಡುತ್ತೇನಂತೆ! ದಿನವಿಡೀ ಎದೆ, ಎದೆ, ಎದೆ. ಕಪ್ಪಗೆ ಕಾಣಬೇಕಾದ ಶ್ವಾಸಕೋಶದ ತುಂಬ ಹಿಂಜಿದ ಹತ್ತಿ ತುರುಕಿದ ಹಾಗೆ ಬಿಳುಪು. ಇವತ್ತು ಅಂಚಿನಲ್ಲಿದ್ದದ್ದು ನಾಳೆ ನಡುವಿಗೆ ಬರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಯಾರ ಮೇಲೆ ಅಂತ ಗೊತ್ತಾದದ್ದು ನೇತ್ರಾವತಿ ಬಂದ ಮೇಲೆ.

ಮೂವತ್ತರ ಆಸುಪಾಸಿನ ಹೆಂಗಸು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು. ಬರುವಾಗಲೇ ಉಸಿರಿಗೆ ಒದ್ದಾಡುತ್ತಿದ್ದಳು. ಗಂಟಲಿಗೆ ಪೈಪ್ ಇಳಿಸಿ, ನಿದ್ದೆಯ ಔಷಧಿ ಕೊಟ್ಟು, ವೆಂಟಿಲೇಟರಿಗೆ ಹಾಕಿದರು. ಕೊರಳಲ್ಲಿ ಕರಿಮಣಿ ಸರ, ಅದರ ನಡುವೆ ಬಂಗಾರದ ತಾಳಿ. ಫಿಲಿಮಿನಾ ಸಿಸ್ಟರ್ ಅದನ್ನು ತೆಗೆಯಲು ಕೈ ಹಾಕಿದ್ದೇ ತಡ, ಬಾಗಿಲ ಗಾಜಿನ ಆಚೆಯಿಂದ ಅವಳ ಗಂಡ ತಿಪ್ಪೇಶಿ ಅರಚಿದ.

"ಏಯ್ ಸಿಸ್ಟರ್, ಮುಟ್ಟಬ್ಯಾಡ್ರಿ ಅದನ್ನ! ನಾನಿನ್ನೂ ಬದುಕಿದೀನಿ! ನನ್ನ ತಿಥಿ ಮಾಡಾಕೆ ಹೊಂಟೀರೇನು?"

"ಎಕ್ಸ್‌ರೇಗೆ ಅಡ್ಡ ಬರುತ್ತೆ ರೀ," ಅಂದಳು ಸಿಸ್ಟರ್.

"ಅಡ್ಡ ಬಂದ್ರೆ ಬರ್ಲಿ! ತಾಳಿ ಕೆಳಗಿಳಿದ್ರೆ ನನ್ನ ಆಯುಷ್ಯ ಇಳಿದಂಗೆ. ನಂಗೇನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಂಗಿಲ್ಲ."

ನೋಡಿದಿರಾ ಗಂಡಸಿನ ಬಾಯಿ? ಹೆಂಡತಿ ಒಳಗೆ ಉಸಿರಿಲ್ಲದೆ ಮಲಗಿದ್ದಾಳೆ, ಇವನಿಗೆ ತನ್ನ ಆಯುಷ್ಯದ ಚಿಂತೆ. ಡಾಕ್ಟರ್ ಚಿದಂಬರ ಅಲ್ಲೇ ಇದ್ದರು. ಗದರಿಸಬೇಕಾದವರು ಅವರು. "ಜಗಳ ಯಾಕೆ, ಪಕ್ಕಕ್ಕೆ ಸರಿಸಿ ತೆಗಿ ಮುನೀರ್," ಅಂದುಬಿಟ್ಟರು. ಮುನೀರನೂ ತಲೆ ಅಲ್ಲಾಡಿಸಿ ತಾಳಿಯನ್ನು ಎಡ ಭುಜದ ಕಡೆಗೆ ತಳ್ಳಿದ. ದಿನಾ ಅದೇ ಪಾಠ ನಡೆಯಿತು.

ಒಂದು ಬೆಳಿಗ್ಗೆ ಅವಳ ಎಡ ಎದೆಯ ನೆತ್ತಿಯಲ್ಲಿ, ಶ್ವಾಸಕೋಶದ ಹೊರಗೆ, ಗಾಳಿ ಸೋರಿ ನಿಂತಿತ್ತು. ನ್ಯುಮೋನಿಯಾದಿಂದ ಗಟ್ಟಿಯಾದ ಶ್ವಾಸಕೋಶಕ್ಕೆ ವೆಂಟಿಲೇಟರ್ ಒತ್ತಿ ಗಾಳಿ ತುಂಬುವಾಗ ಎಲ್ಲೋ ಒಂದು ಕಡೆ ಹರಿದಿತ್ತು. ಉಗುರಿನಂಚಿನಷ್ಟು ತೆಳುವಾದ ಕಪ್ಪು ಗೆರೆ. ಕಾಣಬೇಕಿತ್ತು, ಆದರೆ ಸರಿಯಾಗಿ ಅದರ ಮೇಲೇ ಕೂತಿತ್ತು ಆ ಹಾಳು ಬಂಗಾರ. ಫಿಲ್ಮಿನಲ್ಲಿ ಆ ಜಾಗದಲ್ಲಿ ಬಂದದ್ದು ತಾಳಿಯ ಎರಡು ಬೆಳ್ಳನೆಯ ಬಿಲ್ಲೆ. ಡಾಕ್ಟರು ಉಳಿದ ಬಿಳುಪನ್ನು ನೋಡಿ, "ನ್ಯುಮೋನಿಯಾ ಜಾಸ್ತಿಯಾಗಿದೆ, ಪ್ರೆಶರ್ ಏರಿಸಿ," ಅಂದರು. ಹರಿದ ಚೀಲಕ್ಕೆ ಇನ್ನಷ್ಟು ಗಾಳಿ! ನನಗೆ ಬಾಯಿ ಇದ್ದಿದ್ದರೆ ಇಡೀ ಆಸ್ಪತ್ರೆ ನಡುಗುವ ಹಾಗೆ ಕೂಗುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವಳ ಕುತ್ತಿಗೆ ಊದಿಕೊಂಡಿತು, ತುಟಿ ನೀಲಿಯಾಯಿತು. ಫಿಲಿಮಿನಾ ಯಾರನ್ನೂ ಕೇಳಲಿಲ್ಲ. ಸರವನ್ನು ತಲೆಯ ಮೇಲಿಂದ ಎಳೆದು ತೆಗೆದು, ಕೈಗೆ ಚುಚ್ಚುತ್ತಿದ್ದ ಗಾಜಿನ ಬಳೆಗಳನ್ನೂ ತೆಗೆದು, ಹೆಸರು ಬರೆದ ಪ್ಲಾಸ್ಟಿಕ್ ಕವರಿಗೆ ಹಾಕಿದಳು. "ಈಗ ತೆಗಿಯೋ!" ಅಂತ ಮುನೀರನ ಮೇಲೆ ರೇಗಿದಳು. ಫಿಲ್ಮ್ ಬಂತು. ಎಡಗಡೆ ಅರ್ಧ ಎದೆ ಕಪ್ಪು, ಶ್ವಾಸಕೋಶ ಮುದುಡಿ ಮೂಲೆ ಸೇರಿತ್ತು. ಚಿದಂಬರ ಡಾಕ್ಟರು ಓಡಿ ಬಂದರು. ಪಕ್ಕೆಗೆ ನಳಿಕೆ ಹಾಕಿದರು, ಗಾಳಿ ಬುಸ್ಸೆಂದು ಹೊರಗೆ ಬಂತು. ಅವಳು ಉಳಿದಳು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ದಿನ ಕಳೆದಂತೆ ಬಿಳುಪು ಕರಗತೊಡಗಿತು. ಪೈಪ್ ತೆಗೆಯಬೇಕು ಅಂತ ನಿದ್ದೆಯ ಔಷಧಿ ಕಡಿಮೆ ಮಾಡಿದರು. ನೇತ್ರಾವತಿ ಕಣ್ಣು ಬಿಟ್ಟಳು. ಕೈ ಮೆಲ್ಲಗೆ ಕೊರಳಿಗೆ ಹೋಯಿತು. ಅಲ್ಲಿ ಏನೂ ಇಲ್ಲ. ಮಣಿಕಟ್ಟು ನೋಡಿಕೊಂಡಳು, ಬಳೆ ಇಲ್ಲ. ಅಷ್ಟೇ, ಹುಚ್ಚು ಹಿಡಿದವಳ ಹಾಗೆ ಹೊರಳಾಡಿ ಪೈಪಿಗೆ ಕೈ ಹಾಕಿ ಎಳೆದಳು. ಹಿಡಿದುಕೊಂಡು ಮತ್ತೆ ನಿದ್ದೆಗೆ ಕೆಡವಿದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಎಳೆದಾಟದಲ್ಲಿ ಗಂಟಲಿಂದ ರಕ್ತ ಬಂತು. "ಹೀಗೇ ಆದ್ರೆ ಪೈಪ್ ತೆಗೆಯೋಕೆ ಆಗಲ್ಲ, ಕೈ ಬಿಟ್ಟು ಹೋಗ್ತಾಳೆ," ಅಂದರು ಡಾಕ್ಟರು.

ಕೊನೆಗೆ ಒಂದು ಸಲ, ಕೈ ಹಿಡಿದಿದ್ದವರನ್ನು ಕೊಸರಿಕೊಂಡು, ಅವಳು ಎರಡೂ ಮಣಿಕಟ್ಟುಗಳನ್ನು ಮಂಚದ ಕಂಬಿಗೆ ಬಡಿದುಕೊಂಡಳು. ಮತ್ತೆ ಮತ್ತೆ ಬಡಿದುಕೊಂಡಳು. ಚಿದಂಬರ ಡಾಕ್ಟರು ಅದನ್ನು ನೋಡಿ ಫಿಲಿಮಿನಾ ಕಡೆ ತಿರುಗಿದರು.

"ಸಿಸ್ಟರ್... ಇಲ್ಲದ ಬಳೆ ಒಡಕೊಳ್ತಿದಾಳೆ. ಗಂಡ ಸತ್ತ ಅಂತ ತಿಳಕೊಂಡಿದಾಳೆ."

"ಅಯ್ಯೋ ದೇವ್ರೇ!" ಫಿಲಿಮಿನಾ ಓಡಿಹೋಗಿ ಕವರು ತಂದಳು. "ನಿಮ್ಮ ಯಜಮಾನ್ರು ಚೆನ್ನಾಗಿದಾರೆ ಅಮ್ಮ, ನೋಡಿ, ತಾಳಿ ಇಲ್ಲೇ ಇದೆ." ಕೆಟ್ಟ ಕೆಲಸವಾಯಿತು. ಮುಖ ಮುಚ್ಚಿಕೊಂಡ ಯಾರೋ ಒಬ್ಬಳು ಕವರಿನಲ್ಲಿ ತಾಳಿ ಹಾಕಿಕೊಂಡು ಬಂದರೆ ಯಾವ ಹೆಂಗಸು ನಂಬುತ್ತಾಳೆ? ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಹರಿಯಿತು.

ಡಾಕ್ಟರು ತಿಪ್ಪೇಶಿಗೆ ಫೋನ್ ಮಾಡಿದರು, ಸ್ಪೀಕರ್ ಹಾಕಿಕೊಂಡು. "ಒಂದೇ ಒಂದು ಸಲ ಒಳಗೆ ಬನ್ನಿ. ಮೈತುಂಬ ರಕ್ಷಣೆಯ ಬಟ್ಟೆ ಹಾಕಿಸ್ತೀವಿ. ದೂರದಿಂದ ಮುಖ ತೋರಿಸಿ ಹೋಗಿ."

"ಒಳಗಾ? ನಂಗೆ ಅಂಟಿದ್ರೆ ಯಾರು ಸಾರ್ ಗತಿ? ಆಗಂಗಿಲ್ಲ."

ತಾಳಿಗಾಗಿ ಗಾಜು ಒಡೆಯುವ ಹಾಗೆ ಹಾರಾಡಿದ ಗಂಡು ಇವನೇ. ಥೂ! ನನ್ನ ತೋಳಿಗೆ ಬಲವಿದ್ದರೆ ಎತ್ತಿಕೊಂಡು ಬಂದು ಮಂಚದ ಮುಂದೆ ಕುಕ್ಕುತ್ತಿದ್ದೆ.

ಕಡೆಗೆ ವಿಡಿಯೋ ಕಾಲ್ ಮಾಡಿ ಅವಳ ಕಣ್ಣ ಮುಂದೆ ಹಿಡಿದರು. ಆಸ್ಪತ್ರೆ ಗೇಟಿನ ಹೊರಗೆ, ಕ್ಯಾಂಟೀನ್ ಬೆಂಚಿನ ಮೇಲೆ, ಗಲ್ಲ ಉಬ್ಬಿಸಿಕೊಂಡು ಕೂತಿದ್ದ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅವನ ಬಾಯಿಂದ ಬಂದ ಮೊದಲ ಮಾತು, "ತಾಳಿ ಯಾರು ತೆಗೆದದ್ದು? ನೀನ್ಯಾಕೆ ಬಿಟ್ಟೆ?"

ಬಾಯಲ್ಲಿ ಪೈಪ್ ಇದ್ದವಳು ಏನು ಹೇಳಿಯಾಳು? ಫೋನನ್ನು ಕೈಯಿಂದ ಮೆಲ್ಲಗೆ ಆಚೆ ತಳ್ಳಿದಳು. ಆಮೇಲೆ ಒದ್ದಾಡಲಿಲ್ಲ. ಹೇಳಿದ ಹಾಗೆ ಉಸಿರಾಡಿದಳು, ಹೇಳಿದ ಹಾಗೆ ಕೆಮ್ಮಿದಳು. ಪೈಪ್ ತೆಗೆದು ಆಮೇಲೆ ಸಾಮಾನ್ಯ ವಾರ್ಡಿಗೆ ಕಳಿಸಿದರು.

ಈಗ ನಾನು ಮೆಟ್ಟಿಲ ಕೆಳಗಿದ್ದೇನೆ. ಒಂದು ಗಾಲಿ ಜಾಮ್ ಆಗಿದೆ, ಮುರಿದ ಮಂಚಗಳೂ ಹರಿದ ಹಾಸಿಗೆಗಳೂ ನನ್ನ ಜೊತೆಗಿವೆ. ನನ್ನ ಜಾಗಕ್ಕೆ ಹೊಸ ಯಂತ್ರ ಬಂದಿದೆ, ಚಿತ್ರ ಅದರ ಹೊಟ್ಟೆಯ ಮೇಲೇ ಮೂಡುತ್ತದಂತೆ. ಮೂಡಲಿ. ಬಂಗಾರ ಅಡ್ಡ ಬಂದರೆ ಅದಕ್ಕೂ ಕಾಣುವುದಿಲ್ಲ. ಎದೆಯೊಳಗಿನ ಗಾಳಿ ನೋಡುವುದನ್ನು ಮಾತ್ರ ನನಗೆ ಕಲಿಸಿದ್ದರು. ಮನುಷ್ಯರ ಭಯ ಎಂಥದ್ದು ಅಂತ ನಾನಾಗಿಯೇ ಕಲಿತೆ, ಕಲಿಯದಿದ್ದರೇ ಚೆನ್ನಾಗಿತ್ತು. ನಾನು ತೆಗೆದ ಕೊನೆಯ ಫಿಲ್ಮ್ ನೇತ್ರಾವತಿಯದೇ. ಅದನ್ನು ಹೇಳಿ ಬಾಯಿ ಮುಚ್ಚುತ್ತೇನೆ.

ಅವಳು ಮನೆಗೆ ಹೋಗುವ ದಿನ, ನನ್ನನ್ನು ಐಸಿಯುನಿಂದ ಅವಳ ವಾರ್ಡಿಗೆ ತಳ್ಳಿಕೊಂಡು ಬಂದಿದ್ದರು. ರೋಗದ ಭಯ ಕಳೆದಿತ್ತಲ್ಲ, ತಿಪ್ಪೇಶಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಾರ್ಡಿಗೇ ಬಂದಿದ್ದ. ಕೈಯಲ್ಲಿ ಆ ಕವರು.

"ಕೊರಳಲ್ಲಿ ಏನಾದ್ರೂ ಐತೇನಕ್ಕ?" ಮುನೀರ್ ಕೇಳಿದ.

"ಏನೂ ಇಲ್ಲಪ್ಪ." ಪೈಪ್ ಕೊರೆದ ಗಂಟಲು, ದನಿ ಒಡೆದು ಹೋಗಿತ್ತು.

ಗುಂಡಿ ಒತ್ತಿದ. ಎದೆ ತಿಳಿಯಾಗಿತ್ತು. ಎರಡೂ ಕಡೆ ಕಪ್ಪು, ಅಲ್ಲಲ್ಲಿ ಹಳೆಯ ಗಾಯದ ಎಳೆ. ತಿಪ್ಪೇಶಿ ಸರ ಬಿಡಿಸಿಕೊಂಡು ಮುಂದೆ ಬಂದ.

"ಬಾ, ಬೇಗ ಹಾಕ್ಕ. ಹೊರಗೆ ನಮ್ಮ ಜನ ಕಾಯ್ತಾ ಅದಾರೆ, ಬೋಳು ಕೊರಳಲ್ಲಿ ಬಂದ್ರೆ ಏನಂದ್ಕಂತಾರೆ?"

ಅವಳು ಅವನ ಮಣಿಕಟ್ಟು ಹಿಡಿದು ತಡೆದಳು.

"ನೀವು ಹೋಗೇಬಿಟ್ರಿ ಅಂತ ನಂಬಿದ್ದೆ. ನಿಮ್ಮ ಹಿಂದೇನೇ ಬರೋಣ ಅಂತ ಆ ಪೈಪ್ ಕಿತ್ಕಳಾಕೆ ಹೋಗಿದ್ದೆ. ನೀವು ನೋಡಿದ್ರೆ ಬಾಗ್ಲು ದಾಟಿ ಒಳಗೆ ಬರ್ಲಿಲ್ಲ."

"ಅದೆಲ್ಲ ಯಾಕೀಗ? ಹಾಕ್ಕ ಅಂದೆ."

"ನೀವೇ ಹಾಕ್ಕಳ್ರಿ," ಅಂದಳು. "ಅದು ಕಾಯದು ನಿಮ್ಮ ಆಯುಷ್ಯಾನೇ ಅಲ್ವಾ?"

ತಿಪ್ಪೇಶಿ ಸರ ಹಿಡಿದುಕೊಂಡು ನಿಂತೇ ಇದ್ದ. ಅವಳು ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದು, ನಿಧಾನಕ್ಕೆ ಬಾಗಿಲ ಕಡೆ ನಡೆದಳು. ಮುನೀರ್ ನನ್ನ ಪ್ಲಗ್ ಕಿತ್ತ.