ಚಿಮಣಿಗೆ ಸುತ್ತಿದ ಮಾಲೆ

ಬೊಮ್ಮಸಂದ್ರದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಉಕ್ಕಿನ ಚಿಮಣಿಗೆ ಒಂದು ವಿಚಿತ್ರ ಚಾಳಿಯಿತ್ತು. ಮರ ಮುರಿಯುವಂಥ ಬಿರುಗಾಳಿಗೆ ಮಿಸುಕುತ್ತಿರಲಿಲ್ಲ. ಒಣಹಾಕಿದ ಲುಂಗಿ ಅಲುಗುವಷ್ಟು ಸಂಜೆಗಾಳಿ ಬೀಸಿದರೆ ಆ ಪಕ್ಕ ಈ ಪಕ್ಕ ತೂಗಾಡುತ್ತಿತ್ತು. ಬುಡದ ಬೆಸುಗೆ ಬಿರುಕು ಬಿಟ್ಟಾಗ ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು, ದಸರಾ ಹಬ್ಬ ಕಳೆದ ಮೇಲೂ ಅಲ್ಲಾಡಿದರೆ ಬಾಯ್ಲರ್ ನಿಲ್ಲಿಸುತ್ತೇನೆಂದು ಹೇಳಿ ಹೋದರು. ನಿಂತರೆ ಎರಡೂ ಶಿಫ್ಟಿನವರು ಮನೆಗೆ. ನಿಲ್ಲಿಸದಿದ್ದರೆ ಚಿಮಣಿ ಒಂದು ದಿನ ಅವರ ಮೇಲೆಯೇ. ನಡುವೆ ಸಿಕ್ಕಿಕೊಂಡವನು ಮೇಂಟೆನೆನ್ಸ್ ಸೂಪರ್‌ವೈಸರ್ ಮುನೀಂದ್ರ.

ಮಾಲೀಕ ಸಿದ್ಧಾರ್ಥ್ ಕರೆಸಿದ ತಜ್ಞರು ವಿವರಿಸಿದರು: ದುಂಡಗಿನ ಚಿಮಣಿಯ ಎರಡೂ ಮಗ್ಗುಲಿಂದ ಗಾಳಿ ಸರದಿಯಂತೆ ಸುಳಿಯಾಗಿ ಕಳಚುತ್ತದೆ, ಉಯ್ಯಾಲೆಯನ್ನು ಹದ ನೋಡಿ ತಳ್ಳಿದ ಹಾಗೆ ಸುಳಿಯ ತಾಳ ಚಿಮಣಿಯ ತಾಳಕ್ಕೆ ಕೂಡಿದರೆ ಕುಣಿತ. ಮೇಲ್ಭಾಗಕ್ಕೆ ಕಬ್ಬಿಣದ ಪಟ್ಟಿಯನ್ನು, ಹಾವು ಮರ ಸುತ್ತಿದಂತೆ, ಬೆಸೆದುಬಿಟ್ಟರೆ ತಾಳ ತಪ್ಪುತ್ತದೆ. ಮುನೀಂದ್ರನಿಗೆ ಉಯ್ಯಾಲೆ ಅರ್ಥವಾಯಿತು, ಹಾವು ಆಗಲಿಲ್ಲ. ಸಿದ್ಧಾರ್ಥ್‌ಗೆ ಖರ್ಚು ಮಾತ್ರ ಅರ್ಥವಾಯಿತು; ಹಬ್ಬ ಮುಗಿಯಲಿ ಎಂದ.

ಆಯುಧಪೂಜೆಯ ದಿನ ಫೋರ್ಕ್‌ಲಿಫ್ಟಿನಿಂದ ಹಿಡಿದು ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಹೂವು ಬಿತ್ತು. ಕೊಪ್ಪಳ ಕಡೆಯ ಬಾಯ್ಲರ್ ಆಪರೇಟರ್ ಮುದಕಪ್ಪ, ಒಲೆಗೆ ಹೂವು ಏರಿಸಿ ಚಿಮಣಿಯನ್ನು ಬಿಟ್ಟರೆ ಅದು ಮುನಿಸಿಕೊಳ್ಳುತ್ತದೆಂದು ವಾದಿಸಿದ. ತೋಳುಗಾತ್ರದ ತೆಂಗಿನ ನಾರಿನ ಹಗ್ಗಕ್ಕೆ ಚೆಂಡುಹೂವು ಬಿಗಿದು, ಇಳಿಬಿಟ್ಟರೆ ಹಾರುತ್ತದೆಂದು ಏಣಿ ಹತ್ತಿ ಚಿಮಣಿಯ ತುದಿಯಿಂದ ಕೆಳಕ್ಕೆ ಸುತ್ತುತ್ತಾ ಬಂದ.

ಪೂಜೆಗೆಂದು ಆರಿಸಿದ್ದ ಬಾಯ್ಲರ್ ಮತ್ತೆ ಹೊತ್ತಿತು. ಸಂಜೆಗಾಳಿ ಬಂತು. ಚಿಮಣಿ ಕಂಬದಂತೆ ನಿಂತಿತ್ತು.

ಪೂಜೆ ಫಲಿಸಿತು ಎಂದ ಮುದಕಪ್ಪ. ಹಾಗಾದರೆ ಪಟ್ಟಿ ಏಕೆ ಎಂದ ಸಿದ್ಧಾರ್ಥ್. ಹಗ್ಗ ಹಾವಿನಂತೆಯೇ ಸುತ್ತಿದೆಯಲ್ಲ ಎಂದುಕೊಂಡ ಮುನೀಂದ್ರನಿಗೆ ತನ್ನ ಮಾತಿನಲ್ಲೇ ನಂಬಿಕೆ ಹುಟ್ಟಲಿಲ್ಲ. ಹೂವು ಗಾಳಿಯನ್ನು ತಡೆಯುವುದುಂಟೆ? ದೇವರು ತಡೆದಿದ್ದರೆ ಸೂಪರ್‌ವೈಸರ್ ಏತಕ್ಕೆ? ಒಂದು ಮಾತ್ರ ಗೊತ್ತಿತ್ತು: ಹಗ್ಗ ಕೊಳೆಯುತ್ತದೆ. ಕೊಳೆತ ದಿನ ಕೆಳಗೆ ಜನ ಇರುತ್ತಾರೆ.

ಇನ್ಸ್‌ಪೆಕ್ಟರ್ ಹೋಗುವವರೆಗೆ ಮಾಲೆ ಮುಟ್ಟಬೇಡ ಎಂದು ಸಿದ್ಧಾರ್ಥ್ ತಾಕೀತು ಮಾಡಿದ. ಆದರೆ ಅವರು ಬರುವ ಬೆಳಿಗ್ಗೆಯೇ ಮುನೀಂದ್ರ ಅದನ್ನು ಇಳಿಸಿದ. ಕೇಳಿದರೆ, ಒಣಗಿದ ಮಾಲೆ ನಿರ್ಮಾಲ್ಯ, ಇಟ್ಟುಕೊಳ್ಳಬಾರದು ಎಂದ. ಶಾಸ್ತ್ರವೆಂದ ಮೇಲೆ ಮಾಲೀಕನೂ ಕೈಮುಗಿದ.

ಇನ್ಸ್‌ಪೆಕ್ಟರ್ ಸಂಜೆಯವರೆಗೂ ಕತ್ತೆತ್ತಿ ಕಾದರು. ಅಂದೇ ಗಾಳಿಗೆ ರಜೆ. ಚಿಮಣಿ ಸಾಧುವಿನಂತೆ ನಿಂತಿತ್ತು. ಪರವಾಗಿಲ್ಲ ಎಂದು ಅವರು ಜೀಪು ಹತ್ತಿದರು, ಸಿದ್ಧಾರ್ಥ್ ನಕ್ಕ.

ಜೀಪು ಗೇಟು ದಾಟುವಾಗ ಮುನೀಂದ್ರನ ಕಾಲರ್ ಅಲುಗಿತು. ಮೇಲೆ ನೋಡಿದ. ತೂಗಾಟ ಶುರುವಾಗಿತ್ತು. ಸುಮ್ಮನಿದ್ದರೆ ಎಲ್ಲರ ಕೆಲಸ ಉಳಿಯುತ್ತಿತ್ತು. ಅವನ ಕಾಲುಗಳು ಅಷ್ಟರಲ್ಲಿ ಜೀಪಿನ ಹಿಂದೆ ಓಡುತ್ತಿದ್ದವು.

"ಸಾರ್, ನಿಲ್ಸಿ. ಈಗ ಕುಣೀತೈತೆ, ನೋಡ್ಬನ್ನಿ."

ಇನ್ಸ್‌ಪೆಕ್ಟರ್ ಚಿಮಣಿಯನ್ನೂ ಅವನನ್ನೂ ನೋಡಿದರು. "ನೀವು ಯಾರ ಕಡೆಯವರ್ರೀ?"

ಅದು ಮುನೀಂದ್ರನಿಗೂ ತಿಳಿದಿರಲಿಲ್ಲ.

ಪಟ್ಟಿ ಬೆಸೆಯುವವರೆಗೆ ಬಾಯ್ಲರ್ ಬಂದ್ ಎಂದಾಯಿತು. ಸಿದ್ಧಾರ್ಥ್ ಫೋನ್ ತೆಗೆದು ತಜ್ಞರ ನಂಬರ್ ಒತ್ತಿದ. ಒಲೆ ಆರಿಸಿ ಬಂದ ಮುದಕಪ್ಪ ಮುನೀಂದ್ರನ ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸಿದ.

"ಹಳೇ ಮಾಲಿ ತೆಗದ್ರ ಹೊಸದು ಹಾಕಬೇಕ್ರೀ ಸಾರ್. ಇಷ್ಟೂ ಗೊತ್ತಿಲ್ಲೇನು?"