ಬಿಂಬ್ಲಿಗೆ ಹಸಿ ಮಾಂಸ

ಬಿಸ್ಕತ್ತಿನಂಥ ಆ ಒಣ ತಿಂಡಿ ಇನ್ನು ಬೇಡ, ಹಸಿ ಮಾಂಸ ಮಾತ್ರ ಕೊಡಿ ಎಂದು ಪ್ರಾಣಿಗಳ ಡಾಕ್ಟರು ಹೇಳಿದಾಗ ನನ್ನ ಸೊಸೆ ಜಾನಿಸ್ ಕೈಚೀಲದ ಜಿಪ್ಪನ್ನು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಸ್ಟೀಲಿನ ಮೇಜು ತಣ್ಣಗಿರುತ್ತದೆಂದು ಆ ಡಾಕ್ಟರಮ್ಮ ತಮ್ಮದೇ ಶಾಲು ಮಡಚಿ ಹಾಸಿದ್ದರು. ಅದರ ಮೇಲೆ ಬಿಂಬ್ಲಿ ಮಲಗಿತ್ತು.

ಬಿಂಬ್ಲಿ ಒಂದು ಫೆರೆಟ್. ನೋಡಿದವರಿಗೆ ಮುಂಗುಸಿಯ ನೆನಪಾಗುತ್ತದೆ. ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಪ್ಪು ಪಟ್ಟಿ. ಮರಿಯಾಗಿದ್ದಾಗ ಉಪ್ಪಿನಕಾಯಿಗೆ ಹಾಕುವ ಉದ್ದನೆಯ ಹುಳಿಕಾಯಿ ಬಿಂಬುಳಿಯ ಹಾಗಿತ್ತೆಂದು ನನ್ನ ಮೊಮ್ಮಗ ಪ್ರಿಯನ್ ಆ ಹೆಸರಿಟ್ಟಿದ್ದ. ಅಂಗಡಿಯಿಂದ ಅದನ್ನು ತಂದವನೂ ಅವನೇ. ಆಗ ಜಾನಿಸ್, "ಈ ವಾಸನೆ ಈ ಮನೆಯಲ್ಲಿದ್ದರೆ ನಾನಿರುದಿಲ್ಲ" ಅಂದಿದ್ದಳಂತೆ.

ಕಳೆದ ಜುಲೈಯಲ್ಲಿ, ದುಬೈಯಿಂದ ನಮ್ಮ ಮನೆಗೆ ಬರುವ ಹೆದ್ದಾರಿಯಲ್ಲಿ, ಅಪಘಾತವಾಗಿ ಪ್ರಿಯನ್ ಕಾರಿನಲ್ಲೇ ತೀರಿಕೊಂಡ. ಹತ್ತೊಂಬತ್ತು ವರ್ಷ. ಆಮೇಲೆ ಬಿಂಬ್ಲಿ ಅವನ ಬೂದು ಬಣ್ಣದ ಸ್ವೆಟ್‌ಶರ್ಟಿನ ತೋಳಿನೊಳಗೆ ಮಲಗತೊಡಗಿತು. ಆ ಅಂಗಿಯನ್ನು ಜಾನಿಸ್ ಒಗೆಯಲಿಲ್ಲ, ಒಗೆಯಲು ಯಾರಿಗೂ ಬಿಡಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತು ಆ ತೋಳಿಗೆ ಮುಖ ಒತ್ತುವಳು. ಒಳಗಿನಿಂದ ಬಿಂಬ್ಲಿ ಅವಳ ಮೂಗು ನೆಕ್ಕುವುದು. ಮಗನನ್ನು ಬಲ್ಲ ಜೀವವೊಂದು ಆ ಅಂಗಿಯೊಳಗೆ ಬೆಚ್ಚಗೆ ಉಸಿರಾಡುತ್ತಿದೆ ಎನ್ನುವುದೊಂದೇ ಅವಳನ್ನು ಮರುದಿನಕ್ಕೆ ದಾಟಿಸುತ್ತಿತ್ತು.

ಈಗ ಬಿಂಬ್ಲಿಯ ಪ್ಯಾಂಕ್ರಿಯಾಸಿನಲ್ಲಿ ಗಂಟಾಗಿತ್ತು. ರಕ್ತದಲ್ಲಿ ಸಕ್ಕರೆ ಇಳಿದು, ಹಿಂಗಾಲು ಸೋತು, ಕಣ್ಣು ತೆರೆದುಕೊಂಡೇ ಬೀಳುತ್ತಿತ್ತು. ಜಾನಿಸ್ ಅದರ ಒಸಡಿಗೆ ಜೇನು ಸವರಿ ಎಬ್ಬಿಸುತ್ತಿದ್ದಳು. ಔಷಧದ ಜೊತೆಗೆ ಆಗಾಗ ಸ್ವಲ್ಪ ಸ್ವಲ್ಪ ಹಸಿ ಮಾಂಸ ಹೋದರೆ ಕೆಲವು ತಿಂಗಳು ಸಿಕ್ಕೀತು ಎಂದರು ಡಾಕ್ಟರು. ಆದರೆ ಈ ಪ್ರಾಣಿಗಳು ಮರಿಯಾಗಿದ್ದಾಗ ತಿಂದದ್ದನ್ನು ಮಾತ್ರ ಆಹಾರವೆಂದು ಗುರುತಿಸುತ್ತವೆ, ಈ ವಯಸ್ಸಿನಲ್ಲಿ ಬದಲಿಸುವುದು ಕಷ್ಟ ಎಂದೂ ಹೇಳಿದರು.

ಕಷ್ಟ ಅದೊಂದೇ ಆಗಿರಲಿಲ್ಲ. ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ. ನಮ್ಮಲ್ಲಿ ಅನೇಕರು ಆಗ ಮಾಂಸ ಬಿಡುತ್ತೇವೆ. ಜಾನಿಸ್ ಇನ್ನೂ ಮುಂದೆ ಹೋಗಿ, ಈಸ್ಟರ್ ತನಕ ಮನೆಯ ಹೊಸ್ತಿಲೊಳಗೆ ಮಾಂಸವೇ ಬರಕೂಡದು ಎಂದು ಹರಕೆ ಹೊತ್ತಿದ್ದಳು. ಪಾದ್ರಿಗಳ ಮುಂದೆ ಪಾಪನಿವೇದನೆಯಿಲ್ಲದೆ, ಕೊನೆಯ ಪ್ರಾರ್ಥನೆಯಿಲ್ಲದೆ ಹೋದ ಮಗನ ಆತ್ಮಕ್ಕಾಗಿ ಹೊತ್ತ ಹರಕೆ.

"ಮೀನು ಮಾಂಸ ಅಲ್ವಲ್ಲ," ಎಂದ ನನ್ನ ಮಗ ಕಜೆತಾನ್, ಕಾರಿನಲ್ಲಿ. "ನಾವೇ ತಿಂತೇವೆ. ಹಸಿ ಮೀನು ಕೊಡುವ."

ಮೂವರಿಗೂ ಅದು ಸರಿಯೆಂದೇ ಕಂಡಿತು. ಹುಟ್ಟಿದಂದಿನಿಂದ ತಪಸ್ಸುಕಾಲದಲ್ಲಿ ಮೀನು ತಿಂದವರು ನಾವು. ಕಜೆತಾನ್ ಹಮ್ದಾನ್ ಸ್ಟ್ರೀಟಿನ ಆಫೀಸಿನಿಂದ ಬರುವಾಗ ತಾಜಾ ಬಂಗುಡೆ ತಂದ. ನಾನು ಮುಳ್ಳು ತೆಗೆದು ಕೊಚ್ಚಿದೆ. ಬಿಂಬ್ಲಿ ಮೂಸಿತು, ತಟ್ಟೆಯನ್ನು ಮೂತಿಯಿಂದ ನೂಕಿತು. ಕೊನೆಗೆ ಹಸಿವು ತಾಳದೆ ತಿಂದದ್ದನ್ನು ಕಕ್ಕಿತು. ಆ ವಾರದ ಕೊನೆಗೆ ಅದರ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು.

ಜಾನಿಸ್ ಡಾಕ್ಟರಿಗೆ ಫೋನು ಮಾಡಿದಳು. ಹಸಿ ಮೀನು ಫೆರೆಟಿಗೆ ಆಗುವುದಿಲ್ಲ, ಮಾಂಸ ಅಂದರೆ ಮಾಂಸವೇ, ಎಂದರು. ಬೈಯಲಿಲ್ಲ. ಬೈದಿದ್ದರೆ ಜಾನಿಸ್‌ಗೆ ಸುಲಭವಾಗುತ್ತಿತ್ತೇನೋ.

ನಮ್ಮ ಎದುರಿನ ಫ್ಲಾಟಿನಲ್ಲಿ ಉಡುಪಿಯ ಸುಶೀಲಮ್ಮ ಮತ್ತು ಅವರ ಗಂಡ ಮೋಹನದಾಸ್ ಇದ್ದರು. ಮೊಟ್ಟೆಯನ್ನೂ ಮುಟ್ಟದ ಮನೆ. ಲಿಫ್ಟಿನ ಹತ್ತಿರ ನಿಂತು ನಾನು ಸುಶೀಲಮ್ಮನಿಗೆ ಎಲ್ಲ ಹೇಳಿದೆ, ಹಗುರಾಗಲು ಅಷ್ಟೇ.

"ಅಷ್ಟೇಯಾ ಬಾಯಮ್ಮ?" ಎಂದರು ಅವರು. "ನಮ್ಮ ಬಾಲ್ಕನಿಯಲ್ಲಿ ಒಂದು ಸಣ್ಣ ಫ್ರಿಜ್ ಉಂಟು. ಅದರಲ್ಲಿ ಇಡಿ. ಕೀರಿಯನ್ನು ಅಲ್ಲಿಗೇ ತನ್ನಿ, ಅಲ್ಲೇ ತಿನ್ಲಿ."

"ನಿಮ್ಮ ಮನೆಯಲ್ಲಿ ಮಾಂಸವಾ?"

"ಬಾಲ್ಕನಿ ಮನೆಯಾ ಮಾರಾಯ್ರೆ? ಅದು ಆಕಾಶ. ಹರಕೆ ನಿಮ್ಮದು, ನಮ್ಮದಲ್ಲ. ಇವರಿಗೆ ಮಾತ್ರ ಹೇಳ್ಬೇಡಿ. ಫ್ರಿಜ್ ಶಾಕ್ ಹೊಡಿತದೆ, ಮುಟ್ಬೇಡಿ ಅಂತ ಹೇಳಿದ್ದೇನೆ."

ಕೋಳಿಯ ಗುಂಡಿಗೆ, ಲಿವರ್ ಕೇಳಿದಾಗ ಮಾಂಸದಂಗಡಿಯ ಕಾಸಿಂ, "ತಪಸ್ಸಲ್ವಾ ಅಜ್ಜಿ, ಯಾರಿಗೆ?" ಎಂದು ನಕ್ಕ. ಕಾರಣ ಹೇಳಿದೆ. ಅವನು ನಗು ನಿಲ್ಲಿಸಿ, ಆಗಷ್ಟೇ ಕಡಿದ ಕೋಳಿಯಿಂದ ತೆಗೆದು ಕೊಟ್ಟ. ಆಮೇಲೆ ನಾನು ಹೋದಾಗಲೆಲ್ಲ, ಕೇಳುವ ಮೊದಲೇ ಕಟ್ಟಿಟ್ಟಿರುತ್ತಿದ್ದ.

ಹೀಗೆ ದಿನಕ್ಕೆ ಹಲವು ಸಲ ಬಿಂಬ್ಲಿಯನ್ನು ಅಂಗಿಯ ಸಮೇತ ಎತ್ತಿಕೊಂಡು ಕಾರಿಡಾರ್ ದಾಟುತ್ತಿದ್ದೆವು. ಜಾನಿಸ್ ಮಾಂಸವನ್ನು ನುಣ್ಣಗೆ ಅರೆದು ಬೆರಳಿನಿಂದ ಅದರ ತುಟಿಗೆ ಹಚ್ಚುವಳು. ಅದು ತಲೆ ಕೊಡವಿ, ಅಂಟಿದ್ದನ್ನು ತೊಲಗಿಸಲೆಂದೇ ನೆಕ್ಕುವುದು. ಸುಶೀಲಮ್ಮ ಗಾಜಿನ ಬಾಗಿಲಿನ ಒಳಗೆ, ಸೆರಗನ್ನು ಮೂಗಿಗೆ ಹಿಡಿದು, ಬೆನ್ನು ತಿರುಗಿಸಿ ನಿಂತು ಕೇಳುವರು: "ತಿಂದಿತಾ?"

"ಇಲ್ಲ ಆಂಟಿ."

"ತಿಂತದೆ. ನಮ್ಮ ಇವರಿಗೂ ಹಾಗಲಕಾಯಿ ಅಭ್ಯಾಸ ಆಗ್ಲಿಕ್ಕೆ ವರ್ಷ ಹಿಡಿದಿತ್ತು."

ಒಂದು ಬೆಳಿಗ್ಗೆ ಹೋದಾಗ ಬಾಲ್ಕನಿಯ ನೆಲದ ಮೇಲೆ ಹಳೆಯ ಪೇಪರು ಅಚ್ಚುಕಟ್ಟಾಗಿ ಹಾಸಿತ್ತು. ಬಿಸಿಲು ಬೀಳುವ ಕಡೆ ಒಂದು ಪಂಚೆ ಕಟ್ಟಿತ್ತು. ಪಂಚೆ ಮೋಹನದಾಸರದು. ಸುಶೀಲಮ್ಮ ಅದನ್ನು ನೋಡಿ, ನನ್ನನ್ನು ನೋಡಿ, "ಇವರಿಗೆ ಗೊತ್ತಾಗಿದೆ," ಎಂದರು ಮೆಲ್ಲಗೆ.

ಆ ದಿನವೇ ಬಿಂಬ್ಲಿ ಜಾನಿಸಳ ಬೆರಳಿನಿಂದ ತಾನಾಗಿ ತಿಂದಿತು. ಒಂದು ಗುಂಡಿಗೆಯ ಅರ್ಧ.  ಸಂಜೆ ಜಾನಿಸ್ ತನಗಾಗಿ ಚಹಾ ಮಾಡಿಕೊಂಡದ್ದನ್ನು ನೋಡಿದೆ. ಜುಲೈಯಿಂದ ಈಚೆ ನಾವು ಮುಂದಿಟ್ಟದ್ದನ್ನು ಮಾತ್ರ ಕುಡಿಯುತ್ತಿದ್ದವಳು. ಹಾಗೆ ಕೆಲವು ದಿನ ಅರ್ಧ ಗುಂಡಿಗೆ, ಮುಕ್ಕಾಲು ಗುಂಡಿಗೆ ಎಂದು ನಡೆಯಿತು. ಆಮೇಲೆ ಬಿಂಬ್ಲಿ ಒಮ್ಮೆಲೇ ಬಾಯಿ ಮುಚ್ಚಿಬಿಟ್ಟಿತು.

ಶುಭ ಶುಕ್ರವಾರ ಬೆಳಿಗ್ಗೆ ಬಿಂಬ್ಲಿಗೆ ಸೆಳೆತ ಬಂತು. ಜೇನಿಗೆ ಎಚ್ಚರವಾಯಿತು, ಮತ್ತೆ ಬಿತ್ತು. ಡಾಕ್ಟರು ಕೂಡಲೇ ಹೊರಟು ಬರುತ್ತೇನೆಂದರು. ರಜೆಯ ದಿನ, ಅವರಿದ್ದದ್ದು ದುಬೈಯಲ್ಲಿ. ಅಲುಗಾಡಿಸಬೇಡಿ, ಎಚ್ಚರವಾದಾಗ ಒಂದು ತೊಟ್ಟು ಮಾಂಸದ ರಸ ಒಳಗೆ ಹೋದರೆ ನೋಡಿ ಎಂದರು.

"ಮಾಂಯ್," ಎಂದಳು ಜಾನಿಸ್. ಅತ್ತೆಯನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. "ಆಂಟಿಯಲ್ಲಿಂದ ತನ್ನಿ."

"ಇಲ್ಲಿಗಾ?"

ಕಜೆತಾನ್ ಕಿಟಕಿಯ ಕಡೆ ತಿರುಗಿದ. "ಇವತ್ತು ಒಂದು ದಿನ ಬೇಡ ಜಾನಿಸ್. ಇಷ್ಟು ದಿನ ನಡೆಸಿದ್ದಿ. ಪ್ರಿಯನ್‌ಗೋಸ್ಕರ ಅಂತ ನೀನೇ..."

"ಗೊತ್ತುಂಟು ಯಾರಿಗೋಸ್ಕರ ಅಂತ. ತನ್ನಿ ಮಾಂಯ್."

ನಾನು ಡಬ್ಬಿ ತಂದೆ. ನಮ್ಮ ಹೊಸ್ತಿಲಲ್ಲಿ ಕಾಲು ತಡೆಯಿತು. ಸುಶೀಲಮ್ಮ ಹಿಂದೆಯೇ ಬಂದು, ಆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಒಳಗೆ ಹೋಗಿ ಜಾನಿಸಳ ಮುಂದೆ ಇಟ್ಟರು. ಅವರು ಮಾಂಸದ ಡಬ್ಬಿ ಮುಟ್ಟಿದ್ದು ಅದೇ ಮೊದಲು.

ಜಾನಿಸ್ ಗುಂಡಿಗೆಯನ್ನು ಬೆರಳಿನಲ್ಲಿ ಹಿಂಡಿದಳು. ಕೆಂಪು ನೀರು ಬಿಂಬ್ಲಿಯ ತುಟಿಗೆ ಬಿತ್ತು. ನಾಲಿಗೆ ಒಮ್ಮೆ ಹೊರಗೆ ಬಂತು. ನಾವೆಲ್ಲ ಅದನ್ನು ನೋಡಿದೆವು. ಮತ್ತೆ ಬರಲಿಲ್ಲ. ರಸ ಅದರ ಗಲ್ಲದಿಂದ ಇಳಿದು ಸ್ವೆಟ್‌ಶರ್ಟಿನ ತೋಳಿಗೆ ಹರಡಿತು. ಡಾಕ್ಟರು ಬಂದಾಗ ಜಾನಿಸ್ ಇನ್ನೂ ಹಿಂಡುತ್ತಲೇ ಇದ್ದಳು. ಡಾಕ್ಟರು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದರು.

ಅವಳು ನನ್ನ ಕಡೆ ನೋಡಿದಳು. "ಅವನಿಗೆ ಅದು ಲೆಕ್ಕಕ್ಕೆ ಬರ್ತದಾ ಮಾಂಯ್, ಇಷ್ಟು ದಿನ ನಡೆಸಿದ ಹರಕೆ?"

ಬರುತ್ತದೆ ಎಂದು ಹೇಳಬೇಕಿತ್ತು. ನಾನು ಡಬ್ಬಿಯ ಮುಚ್ಚಳ ಮುಚ್ಚಿದೆ.

ಡಾಕ್ಟರು ಬಿಂಬ್ಲಿಯನ್ನು ತಮ್ಮ ಶಾಲಿನಲ್ಲೇ ಸುತ್ತಿಕೊಂಡು ಹೋದರು. ಅಂಗಿ ಉಳಿಯಿತು. ಸಂಜೆಯಷ್ಟರಲ್ಲಿ ಅದರ ತೋಳು ನಾರತೊಡಗಿತು. ಮಗನ ವಾಸನೆಯೂ ಅಲ್ಲ, ಬಿಂಬ್ಲಿಯದೂ ಅಲ್ಲ, ಕೆಟ್ಟ ಮಾಂಸದ್ದು. ಜಾನಿಸ್ ಅದಕ್ಕೆ ಮುಖ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

ಆಮೇಲೆ ಅವಳೇ ಎದ್ದು ಹೋಗಿ ಅದನ್ನು ವಾಷಿಂಗ್ ಮಶೀನಿಗೆ ಹಾಕಿದಳು. ಸೋಪಿನ ಪುಡಿ ಹಾಕಿ, ಬಾಗಿಲು ಮುಚ್ಚಿ, ಬಟನ್ ಒತ್ತುವಾಗ ಬೆರಳು ನಿಂತಿತು. ನಾನು ಪಕ್ಕದಲ್ಲಿ ನಿಂತೆ. ನೀರು ತುಂಬುವ ಸದ್ದಾಯಿತು. ಗಾಜಿನ ಹಿಂದೆ ಬೂದು ತೋಳು ಒಮ್ಮೆ ಮೇಲೆ ಬಂತು, ನೊರೆಯಲ್ಲಿ ಮುಳುಗಿತು, ಮತ್ತೆ ಬಂತು.